ಗೋವೆಯ ಅಳಿವೆ ತೋರಿಸಿದವರು ಯಾರು? ಪಠ್ಯಪುಸ್ತಕ ರೂಪಿಸುವ ವಿದ್ವಾಂಸರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದ್ವಾಂಸರೇ,

ನಮಸ್ಕಾರ.

ಶರಾವತಿ ಕಡಲನ್ನು ಸೇರುವ ಅಳಿವೆಯ ದಂಡೆಯ ಹೊನ್ನಾವರದಲ್ಲಿ ಕುಳಿತು ಈ ಪತ್ರ ಬರೆಯುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಯುರೋಪಿಯನ್ನರ ಆಗಮನದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಒಂದು ಸಾಲು ಬರೆಯುತ್ತಿದ್ದೆ: 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕನು ಬಿಜಾಪುರದ ಸುಲ್ತಾನನಿಂದ ಗೋವೆಯನ್ನು ವಶಪಡಿಸಿಕೊಂಡನು. ಮಕ್ಕಳು ಅದನ್ನು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ಒಂದು ಅಂಕ ಪಡೆಯುತ್ತಿದ್ದರು. ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಒಂದು ವರ್ಷ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತಳು. ಮೀನುಗಾರರ ಮನೆಯ ಮಗಳು. “ಸರ್, ಹೊರಗಿನವರಿಗೆ ಅಳಿವೆ ದಾಟುವುದು ಆಗುವುದಿಲ್ಲ. ಮರಳು ಇವತ್ತು ಎಲ್ಲಿ ಕೂತಿದೆ, ನಾಳೆ ಎಲ್ಲಿಗೆ ಸರಿಯುತ್ತದೆ ಎಂದು ನಮ್ಮ ಅಪ್ಪ ದಿನವೂ ನೋಡಿಕೊಳ್ಳಬೇಕು. ಆಲ್ಬುಕರ್ಕನಿಗೆ ಗೋವೆಯ ಅಳಿವೆ ತೋರಿಸಿದವರು ಯಾರು?” ಎಂದು ಕೇಳಿದಳು.

ಇತಿಹಾಸದಲ್ಲಿ ಪದವಿ ಪಡೆದ ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲು ವರ್ಷಗಳೇ ಹಿಡಿದವು. ಹುಡುಕುತ್ತ ಹೋದಾಗ ಸಿಕ್ಕ ಉತ್ತರ ನನ್ನ ಕಾಲಬುಡದಲ್ಲೇ ಇತ್ತು. ತೋರಿಸಿದವನು ಹೊನ್ನಾವರದವನು. ಹೆಸರು ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ‘ತಿಮೋಜ’.

ಗೋವೆ ವಸಾಹತು ನಗರವಾದ ಕಥೆ ನಮ್ಮದೂ ಹೌದು ಎಂದು ನಿಮ್ಮ ಮುಂದೆ ಹೇಳುವುದಕ್ಕೆ ಈ ಪತ್ರ. ಆ ನಗರಕ್ಕೆ ದಾರಿ ತೋರಿಸಿದವರಲ್ಲಿ ನಮ್ಮವರಿದ್ದರು. ಅದು ಉಂಡ ಅನ್ನ ನಮ್ಮ ಗದ್ದೆಗಳದ್ದು. ಅಲ್ಲಿಂದ ಓಡಿ ಬಂದವರಿಗೆ ನೆಲೆ ಕೊಟ್ಟದ್ದೂ ನಮ್ಮ ಊರುಗಳೇ. ಇಷ್ಟನ್ನೆಲ್ಲ ಒಂದು ಸಾಲಿನಲ್ಲಿ ಹೂತಿಟ್ಟು, ಒಬ್ಬ ವಿದೇಶಿ ಮತ್ತು ಒಬ್ಬ ಸುಲ್ತಾನನ ನಡುವಿನ ಜಗಳವೆಂಬಂತೆ ಮಕ್ಕಳಿಗೆ ಕಲಿಸುತ್ತಿದ್ದೇವೆ.

ಮೊದಲಿಗೆ ಆ ಊರು ಹೇಗಿತ್ತು ಎನ್ನುವುದನ್ನೇ ನಾವು ಮಕ್ಕಳಿಗೆ ಹೇಳುವುದಿಲ್ಲ. ಆಗಿನ ಗೋವೆ ಒಂದು ದ್ವೀಪ. ಉತ್ತರಕ್ಕೆ ಮಾಂಡವಿ, ದಕ್ಷಿಣಕ್ಕೆ ಜುವಾರಿ, ನಡುವೆ ತಿಸವಾಡಿ. ಕನ್ನಡದಲ್ಲೂ ಸಂಸ್ಕೃತದಲ್ಲೂ ಶಾಸನ ಹಾಕಿಸಿದ ಗೋವೆಯ ಕದಂಬರ ಕಾಲದಲ್ಲಿ ಜುವಾರಿಯ ದಂಡೆಯ ಗೋಪಕಪಟ್ಟಣ ಹೆಸರಾಂತ ಬಂದರು. ಅದು ಹೂಳು ತುಂಬಿ ಹಿಂದೆ ಬಿದ್ದ ಮೇಲೆ ಮಾಂಡವಿಯ ದಂಡೆಯ ಏಳಾ ಎಂಬ ಊರು ಬೆಳೆಯಿತು. ನಾವು ಇಂದು ಹಳೆಯ ಗೋವೆ ಎಂದು ನೋಡಲು ಹೋಗುವುದು ಈ ಏಳಾವನ್ನೇ. ಕೆಲವು ಕಾಲ ವಿಜಯನಗರದ ಕೈಯಲ್ಲಿತ್ತು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಅದನ್ನು ಕಿತ್ತುಕೊಂಡ. ಬಹಮನಿ ರಾಜ್ಯ ಒಡೆದಾಗ ಬಿಜಾಪುರದ ಪಾಲಿಗೆ ಹೋಯಿತು.

ಇಷ್ಟೆಲ್ಲ ಕಿತ್ತಾಟ ಯಾಕೆ? ಕುದುರೆಗಾಗಿ. ದಖ್ಖನದ ನೆಲದಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದಿಲ್ಲ, ಹುಟ್ಟಿದರೂ ತಾಳುವುದಿಲ್ಲ. ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ, ಅರಬ್ ಕರಾವಳಿಯಿಂದ ಹಡಗಿನಲ್ಲಿ ಬರಬೇಕು. ಬಂದರು ಯಾರದೋ ಕುದುರೆ ಅವರದು, ಕುದುರೆ ಯಾರದೋ ದಂಡು ಅವರದು. ವಿಜಯನಗರಕ್ಕೆ ಭಟ್ಕಳ, ಹೊನ್ನಾವರ, ಬಹಮನಿಗಳಿಗೆ ಗೋವೆ. ಪೋರ್ಚುಗೀಸ್ ಚರಿತ್ರಕಾರ ಜೊವಾಂವ್ ದ ಬಾರೋಸ್ ಬರೆಯುವಂತೆ, 1479ರ ಸುಮಾರಿಗೆ ಹೊನ್ನಾವರ, ಭಟ್ಕಳಗಳ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ಅವರ ಮೇಲೆ ದೊಡ್ಡ ಹತ್ಯಾಕಾಂಡ ನಡೆಯಿತು. ಬದುಕುಳಿದವರು ಗೋವೆಗೆ ಹೋಗಿ ನೆಲೆಸಿದರು, ಊರನ್ನು ಬೆಳೆಸಿದರು. ಇದನ್ನು ನಾವು ಮಕ್ಕಳಿಂದ ಮುಚ್ಚಿಡಬಾರದು. ಪೋರ್ಚುಗೀಸರು ಬರುವ ಮೊದಲು ನಮ್ಮ ಕರಾವಳಿ ಶಾಂತಿಯ ಮಡುವೇನೂ ಆಗಿರಲಿಲ್ಲ. ಹೊನ್ನಾವರಕ್ಕೂ ಗೋವೆಗೂ ಹಳೆಯ ಹಗೆತನವಿತ್ತು, ಆ ಹಗೆತನದ ನಡುವೆ ಬೆಳೆದವನು ತಿಮ್ಮಯ್ಯ.

ಅವನನ್ನು ಪೋರ್ಚುಗೀಸರು ಮೊದಲ ಸಲ ಕಂಡದ್ದು ಶತ್ರುವಾಗಿ. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಯಿಂದ ಮರಳುವಾಗ ಅಂಜದೀವದಲ್ಲಿ ಹಡಗು ನಿಲ್ಲಿಸಿದ್ದ. ಕಾರವಾರದ ಬಿಣಗಾ ಕಡೆಯಿಂದ ಬರಿಗಣ್ಣಿಗೆ ಕಾಣುವ ದ್ವೀಪ ಅದು. ತಿಮ್ಮಯ್ಯ ತನ್ನ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆಲ್ಲ ಸೊಪ್ಪುಸದೆ ಹೊದಿಸಿ, ನೀರಿನ ಮೇಲೆ ತೇಲುವ ಹಸಿರು ಗುಡ್ಡದಂತೆ ಮಾಡಿಕೊಂಡು ಅವರ ಹತ್ತಿರ ಸರಿದನೆಂದು ಅವರ ಚರಿತ್ರಕಾರರು ಬರೆಯುತ್ತಾರೆ. ಗಾಮಾನವರು ಗುರುತಿಸಿ ಗುಂಡು ಹಾರಿಸಿದರು, ದೋಣಿಗಳು ಚದುರಿದವು. ತರಗತಿಯಲ್ಲಿ ಈ ಕಥೆ ಹೇಳಿದಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದ್ದು ನನಗಿನ್ನೂ ನೆನಪಿದೆ. ತಮ್ಮೂರಿನ ದೋಣಿ ತಮ್ಮ ಪಾಠದೊಳಗೆ ಬಂದದ್ದು ಅವರಿಗೆ ಅದೇ ಮೊದಲು.

1505ರಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ಅಂಜದೀವದಲ್ಲಿ ಕೋಟೆ ಕಟ್ಟಿಸಲು ತೊಡಗಿದ. ಅಲ್ಲಿಂದ ಹೊನ್ನಾವರಕ್ಕೆ ಬಂದು ಬಂದರಿನಲ್ಲಿದ್ದ ಹಡಗುಗಳಿಗೂ ಊರಿಗೂ ಬೆಂಕಿ ಹಚ್ಚಿದ. ನಾನು ಈಗ ಪ್ರತಿದಿನ ಸಂಜೆ ನಡೆದುಹೋಗುವ ದಂಡೆ ಆ ದಿನ ಉರಿಯುತ್ತಿತ್ತು. ಬೆಂಕಿ ಆರುವ ಮೊದಲೇ ಸಂಧಾನಕ್ಕೆ ಬಂದು ನಿಂತವನು ತಿಮ್ಮಯ್ಯ. ಎದುರಾಳಿಯ ಬಲ ಎಂಥದೆಂದು ಅಂದು ಅವನು ಕಣ್ಣಾರೆ ಕಂಡ. ಆಮೇಲೆ ಅವರೊಂದಿಗೆ ಕಾದಾಡುವ ದಾರಿ ಬಿಟ್ಟು, ಅವರನ್ನು ಬಳಸಿಕೊಳ್ಳುವ ದಾರಿ ಹಿಡಿದ. ಹೀಗೆಂದು ಅವನೇ ಎಲ್ಲೂ ಬರೆದಿಟ್ಟಿಲ್ಲ; ಆಮೇಲಿನ ಐದು ವರ್ಷಗಳ ಅವನ ನಡೆಯನ್ನು ನೋಡಿ ನಾನು ಮಾಡಿಕೊಂಡ ಅಂದಾಜು ಇದು.

1510ರ ಫೆಬ್ರವರಿ. ಕಲ್ಲಿಕೋಟೆಯ ಮೇಲೆ ದಾಳಿ ಮಾಡಲು ಹೋಗಿ ಪೆಟ್ಟು ತಿಂದಿದ್ದ ಅಫೋನ್ಸೊ ದ ಆಲ್ಬುಕರ್ಕ್ ಇಪ್ಪತ್ತಕ್ಕೂ ಹೆಚ್ಚು ಹಡಗು ಕಟ್ಟಿಕೊಂಡು ಕೆಂಪು ಸಮುದ್ರದ ಕಡೆಗೆ ಹೊರಟಿದ್ದ. ಗೋವೆ ಅವನ ದಾರಿಯಲ್ಲಿತ್ತೇ ಹೊರತು ಗುರಿಯಾಗಿರಲಿಲ್ಲ. ಹೊನ್ನಾವರದ ಹತ್ತಿರ ತಿಮ್ಮಯ್ಯ ಅವನನ್ನು ಭೇಟಿಯಾಗಿ ಬೇರೆ ಮಾತು ಹೇಳಿದ. ಹಿಂದಿನ ವರ್ಷ ದೀವ್‌ನ ಕಡಲ ಯುದ್ಧದಲ್ಲಿ ಸೋತ ತುರ್ಕರು ಗೋವೆಯಲ್ಲಿ ಸೇರಿ ಹಡಗು ಕಟ್ಟುತ್ತಿದ್ದಾರೆ. ಊರಿನ ಕಾವಲು ಸಡಿಲವಾಗಿದೆ. ತೆರಿಗೆಯ ಭಾರಕ್ಕೆ ಜನ ಬೇಸತ್ತಿದ್ದಾರೆ. ಹೊಡೆಯುವುದಾದರೆ ಈಗಲೇ ಹೊಡೆಯಬೇಕು.

ಆಲ್ಬುಕರ್ಕ್ ತಿರುಗಿದ. ತಿಮ್ಮಯ್ಯನ ಜನ ಕಾಳಿ ನದಿಯ ಬಾಯಲ್ಲಿದ್ದ ಚಿತ್ತಾಕುಲದ ಕೋಟೆಯನ್ನು ಹಿಡಿದರು. ಇಂದಿನ ಸದಾಶಿವಗಡದ ನೆರೆಯ ಜಾಗವದು. ಕಾರವಾರದ ಸೇತುವೆ ದಾಟುವ ಬಸ್ಸಿನ ಕಿಟಕಿಯಿಂದಲೇ ಆ ಗುಡ್ಡ ಕಾಣುತ್ತದೆ. ಆಮೇಲೆ ಆಲ್ಬುಕರ್ಕನ ಸೋದರಳಿಯ ಅಂತೋನಿಯೊ ದ ನರೋನ್ಹಾನ ಜೊತೆ ತಿಮ್ಮಯ್ಯನ ದೋಣಿಗಳು ಮಾಂಡವಿಯ ಅಳಿವೆಯಲ್ಲಿ ಆಳ ಅಳೆಯುತ್ತ ಒಳಗೆ ಹೋದವು. ನನ್ನ ವಿದ್ಯಾರ್ಥಿನಿ ಕೇಳಿದ್ದು ಇದನ್ನೇ. ಅವಳಿಗೆ ಹುಟ್ಟಿನಿಂದ ಗೊತ್ತಿದ್ದ ಕಡಲ ನಿಯಮ ನಮ್ಮ ಪುಸ್ತಕಗಳಿಗೆ ಗೊತ್ತಿರಲಿಲ್ಲ. ಪಣಜಿಯ ಕಾವಲು ಮುರಿದ ಮೇಲೆ ನಗರ ಹೆಚ್ಚು ಹೋರಾಟವಿಲ್ಲದೆ ಶರಣಾಯಿತು.

ತಿಮ್ಮಯ್ಯನ ಆಸೆ ಇದ್ದದ್ದು ಗೋವೆಯನ್ನೇ ತಾನು ಪಡೆಯಬೇಕೆಂದು. ಪೋರ್ಚುಗೀಸರು ಕಪ್ಪ ತೆಗೆದುಕೊಂಡು ಮುಂದೆ ಹೋಗುತ್ತಾರೆ, ಊರು ತನಗೆ ಉಳಿಯುತ್ತದೆ ಎಂದು ನಂಬಿದ್ದ. ಹಿಂದೆ ಎಷ್ಟೋ ದಂಡುಗಳು ಹಾಗೆಯೇ ಬಂದು ಹೋಗಿದ್ದವು. ಆಲ್ಬುಕರ್ಕ್ ಮಾತ್ರ ಹೋಗಲಿಲ್ಲ. ತಿಮ್ಮಯ್ಯನಿಗೆ ಅಧಿಕಾರಿಯ ಹುದ್ದೆ ಕೊಟ್ಟ, ತೆರಿಗೆ ಇಳಿಸಿದ, ಊರಿನ ಪ್ರಮುಖರು ಕೇಳಿಕೊಂಡಂತೆ ಟಂಕಸಾಲೆ ತೆರೆದು ನಾಣ್ಯ ಹೊಡೆಸಿದ. ನಾಣ್ಯ ಹೊಡೆಸುವವನು ಬಿಟ್ಟುಹೋಗುವವನಲ್ಲ.

ಆ ವರ್ಷದ ಮಳೆಗಾಲದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೇ ತಿಂಗಳಲ್ಲಿ ಬಿಜಾಪುರದ ದೊಡ್ಡ ಸೈನ್ಯ ಬಂದಿತು. ಮೊದಲ ಮಳೆಯ ರಾತ್ರಿಗಳಲ್ಲಿ ತೊರೆ ದಾಟಿ ದ್ವೀಪಕ್ಕೆ ನುಗ್ಗಿತು. ಊರಿನವರು ಅದರ ಕಡೆ ಸೇರಿದರು. ತಿಂಗಳ ಕೊನೆಗೆ ಪೋರ್ಚುಗೀಸರು ಕೋಟೆ ಬಿಟ್ಟು ಹಡಗು ಹತ್ತಿದರು. ಹತ್ತಿದರೇನು, ಹೋಗುವುದೆಲ್ಲಿಗೆ? ಮಳೆಗಾಲದಲ್ಲಿ ಅಳಿವೆಯ ಬಾಯಿ ಮುಚ್ಚಿದಂತೆಯೇ. ಅಲೆ ಎದ್ದು ಮರಳದಿಬ್ಬದ ಮೇಲೆ ಒಡೆಯುತ್ತಿರುವಾಗ ದೊಡ್ಡ ಹಡಗು ದಾಟುವ ಮಾತೇ ಇಲ್ಲ. ಹಿಂದೆ ಬಿಜಾಪುರದ ಫಿರಂಗಿ, ಮುಂದೆ ಕಡಲು. ನಡುವೆ ಮಾಂಡವಿಯ ಕೆಂಪುನೀರಿನಲ್ಲಿ ಜೂನ್, ಜುಲೈ ಎರಡೂ ತಿಂಗಳು ಅವರು ಸಿಕ್ಕಿಬಿದ್ದರು. ಆಹಾರ ಮುಗಿದು ಇಲಿ ತಿಂದರು, ಪೆಟ್ಟಿಗೆಗಳಿಗೆ ಹೊದಿಸಿದ್ದ ಚರ್ಮ ಬೇಯಿಸಿ ತಿಂದರು. ಅಂತೋನಿಯೊ ದ ನರೋನ್ಹಾ ಅಲ್ಲಿಯೇ ಕಾದಾಟದಲ್ಲಿ ಸತ್ತ. ಸೆರೆಯಲ್ಲಿಟ್ಟಿದ್ದ ಮುಸ್ಲಿಂ ಹೆಂಗಸರ ಬಳಿಗೆ ಕದ್ದು ಹೋಗುತ್ತಿದ್ದನೆಂದು ರುಯ್ ದಿಯಸ್ ಎಂಬ ಸೈನಿಕನನ್ನು ಆಲ್ಬುಕರ್ಕ್ ಗಲ್ಲಿಗೇರಿಸಿದ. ಆ ಹೆಂಗಸರ ಹೆಸರು ಯಾರೂ ಬರೆದಿಡಲಿಲ್ಲ. ಹಸಿದ ಹಡಗಿನ ತಳದಲ್ಲಿ ಅವರು ಹೇಗಿದ್ದರು, ಯಾವ ಮನೆಯವರು, ಯಾರೂ ಹೇಳುವುದಿಲ್ಲ. ಆಗಸ್ಟಿನಲ್ಲಿ ಕಡಲು ತುಸು ತಣಿದಾಗ ಹಡಗುಗಳು ಹೊರಬಿದ್ದವು.

ಈ ಒಂದು ಮಳೆಗಾಲವನ್ನು ಪಾಠದಲ್ಲಿ ಇಟ್ಟರೆ ಸಾಕು. ಕಡಲು, ಗಾಳಿ, ನದಿ ಇವೆಲ್ಲ ಚರಿತ್ರೆಯನ್ನು ಹೇಗೆ ಹಿಡಿದು ತಿರುಗಿಸುತ್ತವೆ ಎಂಬುದು ಕರಾವಳಿಯ ಮಕ್ಕಳಿಗೆ ಮಾತ್ರವಲ್ಲ, ಕಡಲನ್ನೇ ನೋಡದ ಬೀದರಿನ ಮಕ್ಕಳಿಗೂ ಅರ್ಥವಾಗುತ್ತದೆ.

ಅದೇ ವರ್ಷ ಬಿಜಾಪುರದಲ್ಲಿ ಯೂಸುಫ್ ಆದಿಲ್ ಷಾ ತೀರಿಕೊಂಡು, ಚಿಕ್ಕ ವಯಸ್ಸಿನ ಮಗ ಇಸ್ಮಾಯಿಲ್ ಪಟ್ಟಕ್ಕೆ ಬಂದ. ನವೆಂಬರಿನಲ್ಲಿ ಆಲ್ಬುಕರ್ಕ್ ಮೂವತ್ತಕ್ಕೂ ಹೆಚ್ಚು ಹಡಗುಗಳೊಂದಿಗೆ ಮರಳಿ ಬಂದ. 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಕೋಟೆಯ ಬಾಗಿಲು ಮುರಿಯಿತು. ಮುಂದಿನದನ್ನು ಅವನೇ ತನ್ನ ದೊರೆ ಮನುವೆಲ್‌ಗೆ 1510ರ ಡಿಸೆಂಬರ್ 22ರಂದು ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ನಾಲ್ಕು ದಿನ ಬಿಡದೆ ರಕ್ತ ಹರಿಸಿದರು. ಸಿಕ್ಕ ಮುಸ್ಲಿಮನನ್ನು ಜೀವಸಹಿತ ಬಿಡಲಿಲ್ಲ. ಮಸೀದಿಗಳಲ್ಲಿ ತುಂಬಿ ಬೆಂಕಿ ಹಚ್ಚಿದರು. ರೈತರನ್ನೂ ಬ್ರಾಹ್ಮಣರನ್ನೂ ಕೊಲ್ಲಬೇಡಿರೆಂದು ಅಪ್ಪಣೆಯಾಗಿತ್ತು. ಸತ್ತವರು, ಹೆಂಗಸರು ಗಂಡಸರು ಸೇರಿ, 6,000 ಎಂದು ಅವನದೇ ಲೆಕ್ಕ. ಇದನ್ನು ಬರೆಯುವಾಗ ಅವನಿಗೆ ಹೆಮ್ಮೆಯಿತ್ತು. ಸತ್ತವರಲ್ಲಿ ಎಷ್ಟು ಜನರ ತಂದೆತಾಯಿಯರು ಮೂವತ್ತು ವರ್ಷ ಹಿಂದೆ ನಮ್ಮ ಹೊನ್ನಾವರ, ಭಟ್ಕಳಗಳಿಂದ ಪ್ರಾಣ ಉಳಿಸಿಕೊಂಡು ಓಡಿದವರೋ! ‘ವಶಪಡಿಸಿಕೊಂಡನು’ ಎಂಬ ಕ್ರಿಯಾಪದದ ಅಡಿಯಲ್ಲಿ ನಾವು ಮುಚ್ಚಿಟ್ಟಿರುವುದು ಇವರನ್ನು.

ತಿಮ್ಮಯ್ಯನಿಗೆ ಏನು ದಕ್ಕಿತು? ಹೆಚ್ಚೇನೂ ಇಲ್ಲ. ಮುಂದಿನ ವರ್ಷವೇ ಅವನ ಅಧಿಕಾರ ಹೊನ್ನಾವರದ ರಾಜಮನೆತನದ ಇನ್ನೊಬ್ಬನ ಕೈಗೆ ಹೋಯಿತು. ಪೋರ್ಚುಗೀಸರು ಅವನನ್ನು ಮೆಲ್‌ರಾವ್ ಎನ್ನುತ್ತಾರೆ. ಬಿಜಾಪುರದ ಸೇನೆ ಮತ್ತೆ ಬಂದಾಗ ಇಬ್ಬರೂ ಸೋತು ವಿಜಯನಗರದ ಕಡೆ ಹೋದರೆಂದೂ ತಿಮ್ಮಯ್ಯ ಅಲ್ಲಿಯೇ ತೀರಿಕೊಂಡನೆಂದೂ ಅವರ ದಾಖಲೆಗಳು ಹೇಳುತ್ತವೆ. ಆಲ್ಬುಕರ್ಕನ ಪ್ರತಿಮೆಗಳಿವೆ. ತಿಮ್ಮಯ್ಯ ಹುಟ್ಟಿ ಬೆಳೆದ ಕಡೆ ನಾನು ಅವನ ಹೆಸರಿನ ಒಂದು ಹಲಗೆಯನ್ನೂ ಕಂಡಿಲ್ಲ. ಪ್ರತಿಮೆ ಬೇಕೆಂದು ನಾನು ಕೇಳುತ್ತಿಲ್ಲ. ಅವನನ್ನು ದೇಶದ್ರೋಹಿ ಎನ್ನುವವರನ್ನೂ ಕೇಳಿದ್ದೇನೆ, ಕಡಲ ವೀರ ಎನ್ನುವವರನ್ನೂ ಕೇಳಿದ್ದೇನೆ. ಎರಡೂ ಅವನ ಕಾಲದ ಮಾತಲ್ಲ. ಅವನ ಮುಂದೆ ಇದ್ದದ್ದು ಬಂದರುಗಳು, ಕುದುರೆಯ ಸುಂಕ, ಹಳೆಯ ಹಗೆ, ಹೊಸ ಫಿರಂಗಿ. ಇಷ್ಟನ್ನು ಮಕ್ಕಳ ಮುಂದೆ ಇಟ್ಟು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ ನೋಡಿ. ನಾನು ಕೇಳಿದ್ದೇನೆ. ಆ ದಿನ ಗಂಟೆ ಹೊಡೆದ ಮೇಲೂ ಮಕ್ಕಳು ಎದ್ದು ಹೋಗಲಿಲ್ಲ.

ಪಕ್ಷ ಬದಲಿಸಿದವರು ನಮ್ಮ ಕಡೆ ಮಾತ್ರ ಇರಲಿಲ್ಲ. ಕೆಲವು ಪೋರ್ಚುಗೀಸರೂ ಬಿಜಾಪುರದ ಸೇವೆಗೆ ಸೇರಿದ್ದರು. 1512ರಲ್ಲಿ ಬಿಜಾಪುರದವರ ಕೈಯಲ್ಲಿದ್ದ ಗೋವೆಯ ಬಾಣಸ್ತರಿಯ ಕೋಟೆ ಶರಣಾದಾಗ ಅಂಥವರು ಸಿಕ್ಕಿಬಿದ್ದರು. ಜೀವ ತೆಗೆಯುವುದಿಲ್ಲವೆಂದು ಮಾತು ಕೊಟ್ಟಿದ್ದ ಆಲ್ಬುಕರ್ಕ್ ಅವರ ಕಿವಿ, ಮೂಗು, ಬಲಗೈ, ಎಡಗೈಯ ಹೆಬ್ಬೆರಳು ಕತ್ತರಿಸಿಸಿದ. ಅವರಲ್ಲೊಬ್ಬ ಫೆರ್ನಾಂವ್ ಲೋಪೆಸ್. ಊರಿಗೆ ಮರಳುವ ದಾರಿಯಲ್ಲಿ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಇಳಿದು, ವರ್ಷಗಟ್ಟಲೆ ಅಲ್ಲಿ ಒಬ್ಬನೇ ಬದುಕಿದ. ಮೂರು ಶತಮಾನಗಳ ನಂತರ ನೆಪೋಲಿಯನ್ನನನ್ನು ಸೆರೆಯಿಟ್ಟ ದ್ವೀಪ ಅದು.

ಇನ್ನು ಕೃಷ್ಣದೇವರಾಯ. ಅವನ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ, ಇರಬೇಕಾದದ್ದೇ. ಆದರೆ ಗೋವೆ ಬಿದ್ದದ್ದು ಅವನು ಪಟ್ಟಕ್ಕೆ ಬಂದ ಮರುವರ್ಷ ಎಂಬುದನ್ನು ಯಾರೂ ಜೋಡಿಸಿ ಹೇಳುವುದಿಲ್ಲ. 1510ರಲ್ಲಿಯೇ ಆಲ್ಬುಕರ್ಕ್ ಫ್ರಾ ಲೂಯಿಸ್ ಎಂಬ ಪಾದ್ರಿಯನ್ನು ವಿಜಯನಗರಕ್ಕೆ ಕಳಿಸಿ ಕುದುರೆಗಳ ಆಸೆ ತೋರಿಸಿದ. ಆಮೇಲೆ ಅರಬ್ ಕಡೆಯಿಂದ ಬರುವ ಕುದುರೆ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟುಮಾಡಿ, ತಲೆಗಿಷ್ಟೆಂದು ಸುಂಕ ಕಟ್ಟಿಸಿಕೊಂಡರು. ಆ ನಗರದ ಬೊಕ್ಕಸ ತುಂಬಿದ್ದು ಬಹುಪಾಲು ಈ ಸುಂಕದಿಂದ. 1520ರ ಹೊತ್ತಿಗೆ ಹಂಪಿಯನ್ನು ಕಂಡು ಬರೆದ ಡೊಮಿಂಗೊ ಪಾಯಸ್, ಆಮೇಲೆ ಬಂದ ಕುದುರೆ ವ್ಯಾಪಾರಿ ಫೆರ್ನಾಂವ್ ನೂನಿಜ್, ಇಬ್ಬರೂ ಇದೇ ವ್ಯಾಪಾರದ ದಾರಿ ಹಿಡಿದು ಬಂದವರು. ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೊವಾಂವ್ ದ ಫಿಗೆಯಿರೇದೊ ತನ್ನ ಕೋವಿಯವರೊಂದಿಗೆ ರಾಯನ ಪರವಾಗಿ ನಿಂತದ್ದನ್ನು ನೂನಿಜ್ ಬರೆದಿದ್ದಾನೆ. ಗೋವೆಯನ್ನು ಬಿಟ್ಟು ಹಂಪಿಯ ವೈಭವ ಹೇಳುವುದು ಬೇರು ಮುಚ್ಚಿ ಮರ ತೋರಿಸಿದಂತೆ.

ಅನ್ನದ ಮಾತಿಗೆ ಬರುತ್ತೇನೆ. 1530ರಲ್ಲಿ ಕೊಚ್ಚಿಯಿಂದ ಗೋವೆಗೆ ರಾಜಧಾನಿ ಬದಲಾಯಿತು. ಹಡಗು, ಸೈನಿಕ, ಪಾದ್ರಿ, ವರ್ತಕ, ಗುಲಾಮ ಎಲ್ಲರೂ ಬಂದು ತುಂಬಿದ ಆ ಕೋಟೆಯ ಊರಿಗೆ ಸಾಕಾಗುವಷ್ಟು ಗದ್ದೆ ತಿಸವಾಡಿಯಲ್ಲಿ ಇರಲಿಲ್ಲ. ಅಕ್ಕಿ ಬರುತ್ತಿದ್ದುದು ಬಸರೂರು, ಮಂಗಳೂರು, ಹೊನ್ನಾವರಗಳಿಂದ. ಗೋವೆಯಿಂದ ಮುಂದಕ್ಕೆ ಹೊರ್ಮುಜ್‌ಗೂ ನಮ್ಮ ಅಕ್ಕಿ ಹೋಗುತ್ತಿತ್ತು. ಮಳೆಗಾಲ ಮುಗಿಯುತ್ತಿದ್ದಂತೆ ಕೆನರಾ ಕರಾವಳಿಯ ಅಕ್ಕಿ ಹಡಗುಗಳ ದಾರಿ ಕಾಯುವುದು ಗೋವೆಯ ಬದುಕಿನ ಭಾಗವಾಗಿತ್ತು. ಅವು ತಡವಾದರೆ ನಗರದಲ್ಲಿ ದಿಗಿಲು. 1565ರಲ್ಲಿ ರಕ್ಕಸ ತಂಗಡಿಯಲ್ಲಿ ವಿಜಯನಗರ ಮುರಿದುಬಿದ್ದಿತು. ಮೂರೇ ವರ್ಷಕ್ಕೆ, 1568ರಲ್ಲಿ, ಮಂಗಳೂರಿನಲ್ಲಿ ಪೋರ್ಚುಗೀಸ್ ಕೋಟೆ ಎದ್ದಿತು. 1569ರಲ್ಲಿ ಹೊನ್ನಾವರ, ಬಸರೂರುಗಳು ಅವರ ವಶವಾದವು. ಬೆನ್ನಿಗೆ ನಿಲ್ಲುವ ದೊಡ್ಡ ರಾಜ್ಯ ಇಲ್ಲವಾದಾಗ ಅಕ್ಕಿಯ ಬಂದರುಗಳಿಗೆ ಬೀಗ ಹಾಕಿದರು ಎಂದು ಸರಳವಾಗಿ ಹೇಳಬಹುದು. ಉಳ್ಳಾಲದ ಅಬ್ಬಕ್ಕನ ಹೋರಾಟ, ಗೇರುಸೊಪ್ಪೆಯ ಚೆನ್ನಭೈರಾದೇವಿಯ ಪ್ರತಿರೋಧ ಈ ಬೀಗದ ವಿರುದ್ಧವೇ. ಇವರಿಬ್ಬರನ್ನು ಬಿಡಿಬಿಡಿ ವೀರವನಿತೆಯರಾಗಿ ತೋರಿಸುವ ಬದಲು ಗೋವೆಯ ಹಸಿವಿನ ಎದುರು ನಿಲ್ಲಿಸಿ ನೋಡಿ, ಅವರ ಹೋರಾಟದ ತೂಕ ಆಗ ತಿಳಿಯುತ್ತದೆ. ಕೊನೆಗೆ 1652ರಿಂದ 54ರ ನಡುವೆ ಈ ಕೋಟೆಗಳನ್ನು ಕೆಳದಿಯ ಶಿವಪ್ಪನಾಯಕ ಒಂದೊಂದಾಗಿ ಕಿತ್ತುಕೊಂಡ.

ಅಕ್ಕಿ ಆ ಕಡೆಗೆ ಹೋದ ದಾರಿಯಲ್ಲೇ ಜನ ಈ ಕಡೆಗೆ ಬಂದರು. 1540ರಲ್ಲಿ ಪೋರ್ಚುಗೀಸರು ತಿಸವಾಡಿಯ ದೇವಾಲಯಗಳನ್ನು ಕೆಡವಿದರು. ಕದಂಬರು ತಮ್ಮ ಬಿರುದಿನಲ್ಲೇ ಹೊತ್ತಿದ್ದ ಸಪ್ತಕೋಟೀಶ್ವರನ ಗುಡಿಯೂ ಉಳಿಯಲಿಲ್ಲ. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ, ಅಂದರೆ ಕ್ರೈಸ್ತ ನಂಬಿಕೆಗೆ ತಪ್ಪಿದರೆಂದು ಜನರನ್ನು ಹಿಡಿದು ಶಿಕ್ಷಿಸುವ ಇನ್‌ಕ್ವಿಸಿಷನ್, ಬಂದಿತು. 1812ರವರೆಗೆ ಅದು ಪೂರ್ತಿಯಾಗಿ ತೊಲಗಲಿಲ್ಲ. ಮಂಗೇಶ, ಶಾಂತಾದುರ್ಗೆಯರನ್ನು ಹೊತ್ತುಕೊಂಡು ಭಕ್ತರು ನದಿ ದಾಟಿ, ಆಗ ಪೋರ್ಚುಗೀಸರ ಕೈಯಲ್ಲಿ ಇರದಿದ್ದ ಫೋಂಡಾದ ಕಡೆ ಹೋದರು. ಇನ್ನೂ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ನಡೆದು ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳ, ಕುಂದಾಪುರ, ಮಂಗಳೂರುಗಳಲ್ಲಿ ನೆಲೆಸಿದವು. ಹಿಂದೂಗಳು ಮಾತ್ರ ಬಂದರೆಂದು ತಿಳಿಯಬೇಡಿ. ಕ್ರೈಸ್ತರಾದವರೂ ವಿಚಾರಣೆಯ ಭಯಕ್ಕೆ, ತೆರಿಗೆಗೆ, ಬರಗಾಲಕ್ಕೆ ಬೇಸತ್ತು ಬಂದರು. ನನ್ನ ತರಗತಿಯಲ್ಲಿ ಶೆಣೈ ಮತ್ತು ಫೆರ್ನಾಂಡಿಸ್ ಒಂದೇ ಬೆಂಚಿನಲ್ಲಿ ಕುಳಿತು ಮನೆಯ ಕೊಂಕಣಿಯಲ್ಲಿ ಪಿಸುಗುಟ್ಟುತ್ತಿದ್ದರು. ಅವರಿಬ್ಬರ ಅಜ್ಜಂದಿರು ಒಂದೇ ನದಿಯನ್ನು ದಾಟಿ ಬಂದವರು ಎಂದು ಹೇಳಿದ ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಕೊಂಕಣಿಯನ್ನೇ ಪೋರ್ಚುಗೀಸರು ‘ಕಾನಾರಿಂ’ ಎಂದು ಕರೆದರು. ತೋಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಬರೆದ ಅದರ ವ್ಯಾಕರಣ, ಅವನು ಸತ್ತ ಮೇಲೆ, 1640ರಲ್ಲಿ ಗೋವೆಯ ರಾಚೋಲ್‌ನಲ್ಲಿ ಅಚ್ಚಾಯಿತು. ಹೆಸರು ‘ಆರ್ತೆ ದ ಲಿಂಗ್ವ ಕಾನಾರಿಂ’. ಕೆನರಾ ಎಂಬ ನಮ್ಮ ನಾಡಿನ ಹೆಸರನ್ನು ಅಲ್ಲಿನ ಜನಕ್ಕೂ ಅವರ ಭಾಷೆಗೂ ಅಂಟಿಸಿದರು. ಗಡಿಗಳನ್ನು ನಾವು ಇಂದು ಕಾಣುವಂತೆ ಅವರು ಕಾಣಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಯಾಕೆ? ಗೋವೆಗೆ ಮುದ್ರಣಯಂತ್ರ ಬಂದದ್ದು 1556ರಲ್ಲಿ, ಭಾರತಕ್ಕೇ ಮೊದಲು. ಅದರ ನಾಲ್ಕೇ ವರ್ಷಕ್ಕೆ ವಿಚಾರಣಾ ನ್ಯಾಯಾಲಯ. ನಮ್ಮ ಗಿಡಮೂಲಿಕೆ, ಸಾಂಬಾರ ಪದಾರ್ಥಗಳ ಬಗ್ಗೆ ಅಲ್ಲಿ 1563ರಲ್ಲಿ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾನ ತಂಗಿಯನ್ನು 1569ರಲ್ಲಿ ಸುಟ್ಟರು. ಅವನು ಸತ್ತು ಹನ್ನೆರಡು ವರ್ಷವಾದ ಮೇಲೆ, 1580ರಲ್ಲಿ, ಅವನ ಮೂಳೆಗಳನ್ನೂ ಅಗೆದು ಸುಟ್ಟರು. ಯಹೂದಿ ಮೂಲದವರಾದ ಅವರು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದರೆಂಬುದು ಆರೋಪ.

ನಿವೃತ್ತನಾದ ವರ್ಷ ಹಳೆಯ ಗೋವೆಗೆ ಹೋದೆ. ದೊಡ್ಡ ಇಗರ್ಜಿಗಳ ಮುಂದೆ ನಮ್ಮ ಕಡೆಯ ಬಸ್ಸುಗಳು ಸಾಲಾಗಿ ನಿಂತಿದ್ದವು. ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಶಾಲೆಗಳ ಮಕ್ಕಳು. ಅವರು ಹೋಗದ ಕಡೆಗೆ ನಾನು ಹೋದೆ. ದೊಡ್ಡ ಕೆಥೆಡ್ರಲ್‌ನ ಪಶ್ಚಿಮಕ್ಕೆ ಇಳಿದರೆ ಚಿರೇಕಲ್ಲಿನ ಸಣ್ಣ ಕ್ಯಾಥರೀನ್ ಚಾಪೆಲ್ ಇದೆ. ಗಾರೆ ಉದುರಿದಲ್ಲೆಲ್ಲ ಕಲ್ಲಿನ ಜೇನುಗೂಡಿನಂಥ ತೂತುಗಳು ಕಾಣುತ್ತವೆ. ನಮ್ಮ ಮನೆಯ ಗೋಡೆಯ ಕಲ್ಲೂ ಅದೇ. ಗೋಡೆಯಲ್ಲಿ ಒಂದು 1550ರ ಬರಹದ ಕಲ್ಲು: ಇಲ್ಲಿಯೇ ಇದ್ದ ಬಾಗಿಲಿನಿಂದ ಆಲ್ಬುಕರ್ಕ್ ಒಳಹೊಕ್ಕು ಈ ನಗರವನ್ನು ಗೆದ್ದನು ಎಂಬುದು ಅದರ ಸಾರ. ಅಕ್ಷರಗಳ ಮೇಲೆ ಬೆರಳಾಡಿಸಿದೆ. ನಮ್ಮ ಪುಸ್ತಕದ ಸಾಲು ಹೆಚ್ಚುಕಡಿಮೆ ಆ ಕಲ್ಲಿನ ಸಾಲೇ. ಗೆದ್ದವರು ಕೆತ್ತಿಸಿದ್ದನ್ನು ನಾವು ಕನ್ನಡದಲ್ಲಿ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದೇವೆ.

ನದಿಯ ಕಡೆಗೆ ನಡೆದರೆ 1597ರ ವೈಸರಾಯರ ಕಮಾನು. ಹೊರಮೈಯಲ್ಲಿ ವಾಸ್ಕೋ ಡ ಗಾಮಾ ನಿಂತಿದ್ದಾನೆ. ಒಳಮೈಯಲ್ಲಿ ಒಬ್ಬ ಹೆಂಗಸು ಕೆಳಗೆ ಬಿದ್ದ ಪೇಟದವನ ಮೇಲೆ ಕಾಲಿಟ್ಟಿದ್ದಾಳೆ. ಸೇಂಟ್ ಕಜೆತಾನ್ ಇಗರ್ಜಿಯ ಬಳಿ ಆದಿಲ್ ಷಾಹಿ ಅರಮನೆಯ ಒಂದೇ ಒಂದು ಬಾಗಿಲಿನ ಚೌಕಟ್ಟು ಉಳಿದಿದೆ, ಗೋಡೆಯಿಲ್ಲದೆ, ಹುಲ್ಲಿನ ನಡುವೆ. ಒಂದು ಶಾಲೆಯ ಮೇಷ್ಟರು ಆ ಚೌಕಟ್ಟಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಇದು ಯಾವ ಬಾಗಿಲು ಸರ್ ಎಂದು ಒಬ್ಬ ಹುಡುಗ ಕೇಳಿದ. ಹಳೆಯ ಬಾಗಿಲು ಎಂದರು ಅವರು. ಅವರ ತಪ್ಪೇನಿಲ್ಲ. ನಾನೂ ಅಷ್ಟನ್ನೇ ಹೇಳುತ್ತಿದ್ದೆ.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಆ ಒಂದು ಸಾಲನ್ನು ಬಿಡಿಸಿ ಒಂದು ಪಾಠ ಮಾಡಿ, ನಾಲ್ಕು ಪುಟವಾದರೂ ಸಾಕು. ಅದರಲ್ಲಿ ತಿಮ್ಮಯ್ಯ ಇರಲಿ, ಅವನ ಆಸೆ ಲೆಕ್ಕಾಚಾರಗಳೆಲ್ಲ ಇರಲಿ. ಆಲ್ಬುಕರ್ಕನ ಡಿಸೆಂಬರಿನ ಪತ್ರದ ಭಾಗ ಕನ್ನಡದಲ್ಲಿ ಇರಲಿ. ಹದಿನಾಲ್ಕು ವರ್ಷದ ಮಕ್ಕಳು ಅದನ್ನು ತಾಳಿಕೊಳ್ಳಬಲ್ಲರು, ದಿನವೂ ಮೊಬೈಲಿನಲ್ಲಿ ಅದಕ್ಕಿಂತ ಕೆಟ್ಟದ್ದನ್ನು ಕಾರಣವಿಲ್ಲದೆ ನೋಡುತ್ತಿದ್ದಾರೆ. ಒಂದು ನಕ್ಷೆ ಬೇಕೇ ಬೇಕು. ಗೋವೆಯಿಂದ ಮಂಗಳೂರಿನವರೆಗೆ ಅಳಿವೆಗಳನ್ನು ಗುರುತಿಸಿದ, ಅಂಜದೀವ, ಚಿತ್ತಾಕುಲ, ಮಿರ್ಜಾನ, ಹೊನ್ನಾವರ, ಭಟ್ಕಳ, ಬಸರೂರುಗಳ ಹೆಸರಿರುವ ನಕ್ಷೆ. ಕುದುರೆ ಬಂದ ದಾರಿಗೆ ಒಂದು ಬಣ್ಣ, ಅಕ್ಕಿ ಹೋದ ದಾರಿಗೆ ಒಂದು ಬಣ್ಣ, ಜನ ನಡೆದು ಬಂದ ದಾರಿಗೆ ಇನ್ನೊಂದು. ಇದನ್ನು ಯಾವ ಧರ್ಮದವರ ಮೇಲೂ ಎತ್ತಿಕಟ್ಟುವ ಪಾಠ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. 1479ರಲ್ಲಿ ಸತ್ತವರೂ 1510ರಲ್ಲಿ ಸತ್ತವರೂ ಗುಡಿ ಕಳೆದುಕೊಂಡವರೂ ವಿಚಾರಣೆಯ ಬೆಂಕಿಗೆ ಬಿದ್ದವರೂ ಒಂದೇ ಪಾಠದಲ್ಲಿ ಇದ್ದರೆ, ಯಾರೂ ಇನ್ನೊಬ್ಬರ ಕಡೆ ಬೆರಳು ತೋರಿಸುವ ಹಾಗಿರುವುದಿಲ್ಲ.

ನಾನೇ ಒಂದು ಕರಡು ಬರೆದಿಟ್ಟಿದ್ದೇನೆ, ಹನ್ನೊಂದು ಪುಟ, ಕೈಬರಹದಲ್ಲಿ. ಕೇಳಿದರೆ ಕಳಿಸುತ್ತೇನೆ. ಬೇಕಾದ್ದನ್ನು ಉಳಿಸಿಕೊಳ್ಳಿ, ತಪ್ಪಿದ್ದರೆ ತಿದ್ದಿ, ನನ್ನ ಹೆಸರು ಹಾಕುವ ಅಗತ್ಯವಿಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗಿಯ ಮಗ ಈ ವರ್ಷ ಎಂಟನೆಯ ತರಗತಿಗೆ ಬಂದಿದ್ದಾನೆ. ಅವಳ ತಂದೆಗೆ ವಯಸ್ಸಾಗಿದೆ, ಆದರೂ ಬೆಳಿಗ್ಗೆ ದಕ್ಕೆಗೆ ಬಂದು ನೀರು ನೋಡದೆ ಅವರಿಗೆ ಸಮಾಧಾನವಿಲ್ಲ. ಪುಸ್ತಕ ಬರೆಯುವವರು ಬಂದರೆ ಅಳಿವೆಯವರೆಗೆ ಕರೆದುಕೊಂಡು ಹೋಗುತ್ತೀರಾ ಎಂದು ಮೊನ್ನೆ ಕೇಳಿದೆ. ಒಪ್ಪಿದ್ದಾರೆ. ಮೇ ಮುಗಿಯುವುದರೊಳಗೆ ಬರಲು ಹೇಳಿ, ಆಮೇಲೆ ದೋಣಿ ಹೊರಡುವುದಿಲ್ಲ ಎಂದಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಹೊನ್ನಾವರ